ಮೈಸೂರು ಆಕಾಶವಾಣಿ: ಉಗಮ ಮತ್ತು ಪ್ರಸಾರವ್ಯಾಪ್ತಿ

1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ 'ವಿಠಲ ವಿಹಾರ'ದಲ್ಲಿ 30 ವ್ಯಾಟಿನ ಪ್ರೇಷಕಯಂತ್ರದಿಂದ ಪ್ರಸಾರವನ್ನಾರಂಭಿಸಿದರು. ಅಂದಿನ ಸಾಧಾರಣ ವಿದ್ಯುದ್ದೀಪವೊಂದು ಬಯಸುತ್ತಿದ್ದ ಶಕ್ತಿಗಿಂತಲೂ ಇದು ಕಡಮೆ. ದೂರ ಸರಿದಂತೆ ಅಲೆಗಳು ಕ್ಷೀಣಿಸುವುದರಿಂದ, ಅದರ ವ್ಯಾಪ್ತಿ ನಗರದ ಆಸುಪಾಸಿಗೆ ಸೀಮಿತವಾಗಿದ್ದಿರಬೇಕೆಂದು ನಾವು ಊಹಿಸುತ್ತೇವೆ. ಮುಂದೆ 250 ವ್ಯಾಟಿನ ಯಂತ್ರ ಬಂದಿತು. ಶಕ್ತಿ ಎಂಟು ಪಟ್ಟು ಬೆಳೆದರೂ ದೂರ ಅಷ್ಟು ಬೆಳೆಯದು. ಅಲೆಯ ಬಲವು ಶಕ್ತಿಯ ವರ್ಗಮೂಲವನ್ನು ಅನುಸರಿಸುವುದರಿಂದ ವ್ಯಾಪ್ತಿಯ ವೃದ್ಧಿ ಮೂರು ಪಟ್ಟನ್ನು ಮುಟ್ಟದು.

1942ರಲ್ಲಿ ನಿಲಯವು ಸಂಸ್ಥಾನದ ಸರಕಾರಕ್ಕೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡು, ಮೈಸೂರು ತನ್ನ ನಿಲಯವನ್ನು ಮರಳಿ ಪಡೆಯಲು 1974ರವರೆಗೆ ಕಾಯಬೇಕಾಯಿತು. ಆದರೆ ಮೈಸೂರಿನ ಈ ಪುಟ್ಟ ನಿಲಯಕ್ಕಿದ್ದ 'ಆಕಾಶವಾಣಿ' ಎಂಬ ಹೆಸರು 1950ರ ದಶಕದಲ್ಲಿ ರಾಷ್ಟ್ರದ ಪ್ರಸಾರ ಸಂಸ್ಥೆಯ ಹೆಸರಾಯಿತು. ಅಲೆ ತಲಪದೆಡೆಗೆ ಹೆಸರು ತಲಪಿತು. ಆದುದರಿಂದ ನಿಲಯವೊಂದರ ವ್ಯಾಪ್ತಿಯನ್ನು ಮೈಲಿಗಳಿಂದ ಮಾತ್ರ ಅಳೆಯುವುದು ಚರಿತ್ರಕಾರನಿಗೆ ಸಲ್ಲದು.