ಬಿಟ್ಟು ಹಿಡಿಯುವ ರೀಲು

ಗಾಳಿಪಟ ಹಾರಿಸಿದವರಿಗೆ ದಾರದ ಮರ್ಮವನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಗಾಳಿ ಬಲವಾಗಿ ಎಳೆದಾಗ ಬಿಡಬೇಕು, ಸಡಿಲವಾದಾಗ ಸುತ್ತಿಕೊಳ್ಳಬೇಕು. ಬಿಡಲೊಲ್ಲೆನೆಂದು ಹಟ ಹಿಡಿದವನ ಕೈಯಲ್ಲಿ ಉಳಿಯುವುದು ತುಂಡು ದಾರ. ಕೋಲುಗಾಳ ಹಾಕುವವನ ಪಾಡೂ ಇದೇ. ಆದರೆ ಅವನ ದಾರದ ತುದಿಯಲ್ಲಿರುವುದು ಬಣ್ಣದ ಕಾಗದವಲ್ಲ, ಪ್ರಾಣಭಯದಿಂದ ಓಡುವ ಜೀವ. ಈ ಬಿಡುವ-ಹಿಡಿಯುವ ವಿವೇಕವನ್ನು ಬೆರಳುಗಳಿಂದ ಯಂತ್ರಕ್ಕೆ ವಹಿಸಿಕೊಡಲು ಮನುಷ್ಯನಿಗೆ ಸುಮಾರು ಎಂಟುನೂರು ವರ್ಷ ಬೇಕಾಯಿತು. ಇಂದು ಸಮುದ್ರದಂಡೆಯ ಗಾಳಗಾರರು ‘ಫ್ರೀ ಸ್ಪೂಲ್’ ಎಂದು ಕರೆಯುವ ರೀಲು ಆ ದೀರ್ಘ ಪ್ರಯತ್ನದ ಇತ್ತೀಚಿನ ಕುಡಿ.

ಈ ಚರಿತ್ರೆಯ ಬಹು ಹಳೆಯ ಸಾಕ್ಷಿಯೊಂದು ದೊರೆಯುವುದು ಗ್ರಂಥದಲ್ಲಲ್ಲ, ಚಿತ್ರದಲ್ಲಿ. ಚೀನದ ಸಾಂಗ್ ಅರಸರ ಕಾಲದ ಚಿತ್ರಕಾರ ಮಾ ಯುವಾನ್ 1195ರ ಸುಮಾರಿಗೆ ಬರೆದ ಚಿತ್ರವೊಂದು ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಚಳಿಗಾಲದ ಸರೋವರ, ಸುತ್ತ ಬರಿಯ ನೀರು, ನಡುವೆ ಪುಟ್ಟ ದೋಣಿಯಲ್ಲಿ ಮುದುಡಿ ಕುಳಿತ ಒಬ್ಬನೇ ಒಬ್ಬ. ಅವನ ಕೋಲಿನ ಬುಡದಲ್ಲಿ ಒಂದು ಚಿಕ್ಕ ಚಕ್ರ. ಇಂಗ್ಲೆಂಡಿನ ಬರವಣಿಗೆಯಲ್ಲಿ ಈ ಚಕ್ರ ಮೊದಲು ಕಾಣಿಸಿಕೊಳ್ಳುವುದು 1651ರಲ್ಲಿ, ಥಾಮಸ್ ಬಾರ್ಕರನ ಪುಸ್ತಕದಲ್ಲಿ. ಗಾಳಗಾರರ ಆಚಾರ್ಯನೆನಿಸಿದ ಐಸಾಕ್ ವಾಲ್ಟನ್ನನೂ ಅದನ್ನು ಹೆಸರಿಸಿದನಾದರೂ ವಿವರಿಸುವ ಗೋಜಿಗೆ ಹೋಗಲಿಲ್ಲ.

ಸಮುದ್ರದ ದೊಡ್ಡ ಮೀನಿನೆದುರು ಈ ಚಕ್ರ ಸೋತುಹೋಗುತ್ತಿತ್ತು. ಕ್ಯಾಲಿಫೋರ್ನಿಯದ ಕೆಟಲೀನ ದ್ವೀಪದಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ 1898ರಲ್ಲಿ 183 ಪೌಂಡಿನ ಟ್ಯೂನಾ ಮೀನನ್ನು ಕೋಲಿನಿಂದ ಹಿಡಿದ. ಅದೇ ವರ್ಷ ಅಲ್ಲಿ ಟ್ಯೂನಾ ಕ್ಲಬ್ಬನ್ನೂ ಕಟ್ಟಿದ. ಆಗಿನ ರೀಲುಗಳಲ್ಲಿ ತಡೆಯೆಂದರೆ ಸುರುಳಿಯ ಮೇಲೆ ಹೆಬ್ಬೆರಳಿನಿಂದ ಅದುಮುವ ತೊಗಲಿನ ಪಟ್ಟಿ, ಅಷ್ಟೇ. ಮೀನು ಓಡಿತೆಂದರೆ ಹಿಡಿಕೆಯೂ ಹಿಮ್ಮುಖವಾಗಿ ಗಿರ್ರನೆ ತಿರುಗಿ ಬೆರಳಗಂಟುಗಳನ್ನು ಜಜ್ಜುತ್ತಿತ್ತು. ಗೆದ್ದವನ ಕೈಗೂ ಪಟ್ಟಿ ಕಟ್ಟಬೇಕಾಗುತ್ತಿದ್ದ ಈ ಕ್ರೀಡೆಯನ್ನು ವಿನೋದವೆಂದು ಕರೆದವರ ಧೈರ್ಯ ದೊಡ್ಡದು! ವಿಲಿಯಂ ಬೋಶನ್ ಎಂಬ ಗಾಳಗಾರನ ಸಲಹೆಯಂತೆ ಬ್ರೂಕ್ಲಿನ್ನಿನ ಜೂಲಿಯಸ್ ವಾಮ್ ಹಾಫ್ ರೀಲಿನೊಳಗೇ ಘರ್ಷಣೆಯ ಬಿಲ್ಲೆಗಳನ್ನು ಅಡಕಗೊಳಿಸಿ, ನಕ್ಷತ್ರಾಕಾರದ ತಿರುಪಿನಿಂದ ಬಿಗಿ-ಸಡಿಲ ಮಾಡುವ ಏರ್ಪಾಡನ್ನು ಹೂಡಿದ. 1913ರಲ್ಲಿ ಬೋಶನ್ 355 ಪೌಂಡಿನ ಕತ್ತಿಮೀನನ್ನು ಹಿಡಿದು ತೋರಿಸಿದ. ಕೋಲು ರೀಲುಗಳಿಗೆ ಸಿಕ್ಕಿದ ಮೊದಲ ಕತ್ತಿಮೀನು ಅದೇ. ಇಂದಿಗೂ ಗಾಳಗಾರರು ‘ಡ್ರ್ಯಾಗ್’ ಎನ್ನುವ ತಡೆ ಈ ಜಾತಿಯದು.

ಆದರೆ ಎರೆಯನ್ನು ದೂರಕ್ಕೆ ಎಸೆಯುವ ತೊಡಕು ಹಾಗೆಯೇ ಉಳಿದಿತ್ತು. ತಿರುಗುವ ಸುರುಳಿ ದಾರಕ್ಕಿಂತ ವೇಗವಾಗಿ ತಿರುಗಿದರೆ ಕ್ಷಣದಲ್ಲಿ ಹಕ್ಕಿಗೂಡಿನಂಥ ಸಿಕ್ಕು. ಇದಕ್ಕೆ ಪರಿಹಾರ ಬಂದದ್ದು ಕಡಲತೀರದಿಂದಲ್ಲ, ಮಗ್ಗದ ಊರಿನಿಂದ. ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಉಣ್ಣೆಗಿರಣಿಗಳ ಬ್ರಾಡ್‌ಫರ್ಡಿನವನು. ನೇಕಾರರ ಕಂಡಿಕೆಯನ್ನು ನೋಡಿ ಬಲ್ಲವರಿಗೆ ಗೊತ್ತು: ಕಂಡಿಕೆ ತಿರುಗಬೇಕಾಗಿಲ್ಲ, ನೂಲು ಅದರ ತುದಿಯಿಂದ ತಾನಾಗಿ ಜಾರಿ ಬರುತ್ತದೆ. ಆ ತತ್ತ್ವದ ಮೇಲೆ ಅವನು 1905ರಲ್ಲಿ ರೀಲೊಂದಕ್ಕೆ ಪೇಟೆಂಟು ಪಡೆದ. ಎಸೆದಾಗ ಕಂಡಿಕೆ ಸುಮ್ಮನಿರುತ್ತದೆ, ದಾರ ಮಾತ್ರ ಹಾರುತ್ತದೆ. ಹಿಡಿಕೆ ತಿರುಗಿಸಿದರೆ ಒಂದು ತೋಳು ಸುತ್ತಲೂ ಓಡಾಡಿ ದಾರವನ್ನು ಮತ್ತೆ ಸುತ್ತುತ್ತದೆ. ನಾವಿಂದು ಸ್ಪಿನ್ನಿಂಗ್ ರೀಲು ಎನ್ನುವುದು ಇದರ ಸಂತತಿ.

ಇಲ್ಲಿಂಗ್‌ವರ್ತ್ ಎಸೆಯುವವನ ಕಷ್ಟವನ್ನು ಕಳೆದ. ಕಾಯುವವನ ಕಷ್ಟ ಉಳಿಯಿತು. ಸಮುದ್ರದಲ್ಲಿ ಎರೆ ಹಾಕಿದವನು ಕೋಲನ್ನು ಮರಳಲ್ಲಿ ಊರಿ ಗಂಟೆಗಟ್ಟಲೆ ಕಾಯುತ್ತಾನೆ. ರೀಲು ಬಿಗಿಯಾಗಿದ್ದರೆ ಎರೆ ಕಚ್ಚಿದ ಮೀನು ಎಳೆತಕ್ಕೆ ಬೆದರಿ ಉಗುಳುತ್ತದೆ, ಇಲ್ಲವೆ ಕೋಲುಸಮೇತ ನೀರಿಗಿಳಿಯುತ್ತದೆ. ದಾರವನ್ನು ಪೂರ್ತಿ ಬಿಟ್ಟಿದ್ದರೆ ಗಾಳಿ-ತೆರೆಗಳೇ ಅದನ್ನು ಎಳೆದು ಸಿಕ್ಕಾಗಿಸುತ್ತವೆ. ಡ್ರ್ಯಾಗನ್ನೇ ಸಡಿಲಿಸಿಟ್ಟರೆ, ಮೀನು ಓಡುವ ಗಡಿಬಿಡಿಯಲ್ಲಿ ಎಷ್ಟು ಸುತ್ತು ಬಿಗಿಯಬೇಕೆಂಬ ಅಂದಾಜೇ ಸಿಗದು.

ಉತ್ತರ ಬಂದದ್ದು ಜಪಾನಿನ ಸಕಾಯಿಯಿಂದ. 1921ರಲ್ಲಿ ಶೋಜಾಬುರೋ ಶಿಮಾನೋ ಅಲ್ಲಿ ಒಂದು ಕಾರ್ಖಾನೆ ತೆರೆದು ಸೈಕಲ್ಲಿನ ಫ್ರೀವೀಲು ಮಾಡತೊಡಗಿದ. ಒಂದು ಕಡೆಗೆ ಹಿಡಿಯುವ, ಇನ್ನೊಂದು ಕಡೆಗೆ ಬಿಡುವ ಯಂತ್ರವೇ ಫ್ರೀವೀಲು. ಅದೇ ಸಂಸ್ಥೆ 1970ರಲ್ಲಿ ಗಾಳದ ಸಾಮಗ್ರಿಗೆ ಕೈಹಾಕಿ, 1980ರ ದಶಕದಲ್ಲಿ ‘ಬೈಟ್‌ರನ್ನರ್’ ಎಂಬ ರೀಲನ್ನು ತಂದದ್ದು ಕಾಕತಾಳೀಯವಿರಬಹುದು. ನನಗೇನೋ ಇದು ಮನೆತನದ ಲಕ್ಷಣದಂತೆ ತೋರುತ್ತದೆ. ಅದರಲ್ಲಿ ತಡೆ ಎರಡು. ಹಿಂದಿನ ಸನ್ನೆಯನ್ನು ಒತ್ತಿದರೆ ದೊಡ್ಡ ತಡೆ ಕಳಚಿ, ಕಂಡಿಕೆ ಅತ್ಯಲ್ಪ ಬಿಗಿಯಲ್ಲಿ ತಿರುಗಿ ದಾರ ಬಿಡುತ್ತದೆ. ಹಿಡಿಕೆಯನ್ನು ತಿರುಗಿಸಿದೊಡನೆ ದೊಡ್ಡ ತಡೆ ‘ಟಕ್’ ಎಂದು ತಾನಾಗಿ ಕೂಡಿಕೊಳ್ಳುತ್ತದೆ.

ಕೊಳ್ಳುವವರು ಬೇರಿಂಗುಗಳ ಸಂಖ್ಯೆಗೆ ಮರುಳಾಗಬಾರದು. ಸಣ್ಣ ತಡೆ ಅದುರದೆ ಬಿಡುತ್ತದೆಯೇ, ದೊಡ್ಡ ತಡೆ ಜರ್ಕು ಹೊಡೆಯದೆ ಜಾರುತ್ತದೆಯೇ, ಉಪ್ಪುನೀರು ಒಳಗಿಳಿಯದಂತೆ ಮುಚ್ಚಿಗೆಯಿದೆಯೇ, ದಂಡೆಯಿಂದ ಬೇಕಾಗುವ 200-300 ಮೀಟರ್ ದಾರ ಹಿಡಿಯುತ್ತದೆಯೇ ಎಂದು ನೋಡಿದರೆ ಸಾಕು. ದೊಡ್ಡ ತಡೆಯನ್ನು ತಕ್ಕಡಿಮುಳ್ಳಿಗೆ ದಾರ ಕಟ್ಟಿ ಎಳೆದು, ದಾರ ಹರಿಯುವ ಭಾರದ ಕಾಲು ಭಾಗದಿಂದ ಮೂರನೆಯ ಒಂದರಷ್ಟಕ್ಕೆ ಇಡುವುದು ರೂಢಿ. ಸಣ್ಣ ತಡೆ ತೆರೆಯ ಸೆಳೆತಕ್ಕೆ ದಾರ ಬಿಡದಷ್ಟು ಬಿಗಿಯಿದ್ದರೆ ಆಯಿತು. ಮೀನು ದಾರ ಎಳೆಯುತ್ತಿರುವಾಗ ಹಿಡಿಕೆ ಸುತ್ತುವವರಿದ್ದಾರೆ. ಅದರಿಂದ ಮೀನು ಬರುವುದಿಲ್ಲ, ದಾರ ಮುರಿದುಕೊಳ್ಳುತ್ತದೆ.

ನಮ್ಮ ಕರಾವಳಿಗೂ ಈ ವಿದ್ಯೆಗೂ ಹಳೆಯ ನಂಟಿದೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಭಾರತದ ಕೋಲುಗಾಳವನ್ನು ಕುರಿತು ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಿಂದಲೇ ಹೊರಟಿತು. ಇಲ್ಲಿಂಗ್‌ವರ್ತನ ಕಂಡಿಕೆ ಹುಟ್ಟಲು ಆಗ ಇನ್ನೂ 32 ವರ್ಷವಿತ್ತು. ಅದೇ ಕರಾವಳಿಯಲ್ಲಿ ಇಂದು ಫ್ರೀ ಸ್ಪೂಲನ್ನು ಎಲ್ಲ ಮೀನಿಗೂ ಹೂಡುವಂತಿಲ್ಲ. ಮರಳು ತಳದಲ್ಲಿ ತೊರಕೆ ಎರೆ ಹಿಡಿದು ಮೆಲ್ಲನೆ ಸರಿಯುವಾಗ ಅದು ಬಹಳ ಒದಗುತ್ತದೆ. ಬಂಡೆಯ ಬಳಿಯ ಮುರು ಮೀನಿಗೆ ನಾಲ್ಕು ಮಾರು ಬಿಟ್ಟಿರೋ, ಅದು ಪೊಟರೆ ಹೊಕ್ಕು ಕಿವಿರುಗಳನ್ನು ಅಗಲಿಸಿ ಕೂತುಬಿಡುತ್ತದೆ. ಅಲ್ಲಿ ಮೊದಲಿನಿಂದಲೇ ಬಿಗಿ ಬೇಕು. ಮತ್ತೊಂದು ಮಾತು: ಹೆಚ್ಚು ಹೊತ್ತು ಓಡಬಿಟ್ಟರೆ ಮೀನು ಗಾಳವನ್ನು ಹೊಟ್ಟೆಯವರೆಗೆ ನುಂಗುತ್ತದೆ. ಚಿಕ್ಕದೆಂದು ತಿರುಗಿ ನೀರಿಗೆ ಬಿಟ್ಟರೂ ಬದುಕುವುದು ಅನುಮಾನ. ತುದಿ ಒಳಮುಖವಾಗಿ ಬಾಗಿದ ದುಂಡುಗಾಳ ಕಟ್ಟಿ, ದಾರ ಓಡಿದೊಡನೆ ಝಾಡಿಸದೆ ಹಿಡಿಕೆಯನ್ನಷ್ಟೇ ತಿರುಗಿಸಿದರೆ, ಅದು ಬಹುಮಟ್ಟಿಗೆ ಬಾಯಂಚಿನಲ್ಲಿಯೇ ನಾಟುತ್ತದೆ. ಮನೆಗೆ ಬಂದ ಮೇಲೆ ರೀಲಿಗೆ ಸಿಹಿನೀರು ಚಿಮುಕಿಸಿ, ಒರೆಸಿ, ಎರಡು ತಡೆಗಳನ್ನೂ ಸಡಿಲಿಸಿ ಇಡಬೇಕು. ಬಿಗಿದಿಟ್ಟ ಬಿಲ್ಲೆಗಳು ತಿಂಗಳೊಪ್ಪತ್ತಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.