ಮಠದ ಪಾಠಶಾಲೆಗಳೂ ದಯಾಧರ್ಮದ ಶಿಕ್ಷಣವೂ

ಬಾಲಕರಿಗೆ ವ್ಯಾಕರಣವನ್ನು ಸೂತ್ರಗಳಿಂದ ಕಲಿಸಬಹುದು. ಗಣಿತವನ್ನು ಲೆಕ್ಕಗಳಿಂದ ಕಲಿಸಬಹುದು. ದಯೆಯನ್ನು ಕಲಿಸುವ ಬಗೆ ಹೇಗೆ? ದಯೆಯ ಲಕ್ಷಣವನ್ನು ಕಂಠಪಾಠಮಾಡಿ ತಪ್ಪಿಲ್ಲದೆ ಒಪ್ಪಿಸಿದ ಬಾಲಕನೇ, ಪಕ್ಕದಲ್ಲಿ ಹಸಿದು ಕುಳಿತ ಸಹಪಾಠಿಯನ್ನು ಕಾಣದೆ ಎದ್ದುಹೋಗುವುದುಂಟು. ಈ ಕಷ್ಟವನ್ನು ನಮ್ಮ ನಾಡಿನ ಮಠಗಳು ಚೆನ್ನಾಗಿ ಅರಿತಿದ್ದುವು. ಆದುದರಿಂದಲೇ ಪಾಠದ ವೇಳೆಯ ಹೊರಗೆ ನಡೆಯುವ ಕಾಯಕ, ಸಾಮೂಹಿಕ ಪ್ರಾರ್ಥನೆ, ಸಂಗೀತ, ನಾಟಕ, ಪ್ರಸಾದದ ಪಂಕ್ತಿ ಮೊದಲಾದುವುಗಳನ್ನು ಅವು ವಿದ್ಯೆಗೆ ಅಲಂಕಾರವೆಂದು ಭಾವಿಸದೆ ವಿದ್ಯೆಯ ಅಂಗವೆಂದೇ ಭಾವಿಸಿದುವು. ಇವನ್ನು ಈಗಿನವರು ಪಠ್ಯೇತರ ಚಟುವಟಿಕೆಗಳೆಂದು ಕರೆಯುತ್ತಾರೆ. ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ ಅಂತಹ ಮೂರು ಪುಣ್ಯಸ್ಥಾನಗಳ ಇತಿಹಾಸವನ್ನು ಸದ್ಭಕ್ತರ ಮುಂದೆ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು 1909ನೆಯ ಇಸವಿಯಲ್ಲಿ ಬಾದಾಮಿಯ ಸೀಮೆಯಲ್ಲಿ, ಮಲಪ್ರಭಾ ನದಿಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮುಂದೆ ಪೀಠಗಳನ್ನೇರತಕ್ಕ ವಟುಗಳಿಗೆ ಯೋಗ್ಯವಾದ ಶಿಕ್ಷಣವನ್ನು ಕೊಡಬೇಕೆಂಬುದು ಅವರ ಉದ್ದೇಶವಾಗಿದ್ದಿತು. ಶಾಸ್ತ್ರಪಾಠವೊಂದೇ ಸಾಕೆಂದು ಅವರು ಎಣಿಸಿದ್ದರೆ ಗ್ರಂಥಗಳನ್ನೂ ಪಂಡಿತರನ್ನೂ ಕೂಡಿಸಿ ಸುಮ್ಮನಿರಬಹುದಾಗಿತ್ತು. ಆದರೆ ಅಲ್ಲಿ ಯೋಗಾಭ್ಯಾಸವಿದ್ದಿತು, ಸಂಗೀತವಿದ್ದಿತು, ಗೋಶಾಲೆಯಿದ್ದಿತು. ಆ ಗೋಶಾಲೆಯ ಗೋಮಯದಿಂದ ಸಿದ್ಧವಾಗುವ ವಿಭೂತಿಯು ನಾಡೆಲ್ಲ ಪ್ರಸಿದ್ಧವಾಯಿತು. ಮೂಕಪ್ರಾಣಿಯ ಹಸಿವು ಬಾಯಿಬಿಟ್ಟು ಹೇಳಿಕೊಳ್ಳುವುದಲ್ಲ, ನೋಡಿ ತಿಳಿಯತಕ್ಕದ್ದು. ಪೀಠದ ಮೇಲೆ ಕುಳಿತು ಭಕ್ತರ ದುಃಖವನ್ನು ಅವರು ಹೇಳುವುದಕ್ಕೆ ಮೊದಲೇ ತಿಳಿಯಬೇಕಾದವನಿಗೆ ಗೋಸೇವೆಗಿಂತ ಉತ್ತಮವಾದ ಅಭ್ಯಾಸವು ಯಾವುದಿದೆ?

ಇದೇ ಶಿವಯೋಗಿಗಳ ಕೃಪೆಯಿಂದ ಬೆಳೆದವರು ಪಂಚಾಕ್ಷರ ಗವಾಯಿಗಳು. ಅವರು 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾಗಿ ಜನಿಸಿದರು. ಕಣ್ಣಿಲ್ಲದ ಬಡ ಬಾಲಕನಿಗೆ ಭಿಕ್ಷೆಯೇ ಗತಿಯೆಂದು ಲೋಕವು ನಂಬಿದ್ದ ಕಾಲವದು. ಗುರುಗಳು ಆ ಬಾಲಕನ ಕಂಠವನ್ನು ಕೇಳಿ ಸಂಗೀತವಿದ್ಯೆಯನ್ನು ಕೊಡಿಸಿದರು. ಗವಾಯಿಗಳು ತಾವು ಪಡೆದುದನ್ನು ತಮಗಾಗಿ ಇಟ್ಟುಕೊಳ್ಳದೆ, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ಸಂಚರಿಸುವ ಸಂಗೀತಪಾಠಶಾಲೆಯನ್ನು ನಡೆಸಿದರು. ಕಡೆಗೆ ಅದು ಗದಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವೆನಿಸಿತು. ಬಸವರಾಜ ರಾಜಗುರುಗಳಂತಹ ಗಾಯಕರು ಆ ಗುರುವಿನ ಶಿಷ್ಯರೇ.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಬಳಿಕ ಆಶ್ರಮದ ಭಾರವು ಶಿಷ್ಯರಾದ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. ಇವರೂ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಅವರು ನಾಟಕಗಳನ್ನು ರಚಿಸಿದರು; ಆಶ್ರಮದ ನಾಟಕಮಂಡಳಿಯು ಊರೂರುಗಳಲ್ಲಿ ಆಡಿ ಗಳಿಸಿದ ಹಣವು ಮಕ್ಕಳ ಅನ್ನಕ್ಕೆ ಸಂದಿತು. ಇದನ್ನು ವಾಚಕರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ರಂಗದ ಮೇಲೆ ಒಬ್ಬನು ರಾಜನಾಗುವನು, ಇನ್ನೊಬ್ಬನು ಸೇವಕನಾಗುವನು, ಮತ್ತೊಬ್ಬನು ತೆರೆಯ ಹಿಂದೆ ತಬಲ ನುಡಿಸುವನು. ಆದರೆ ಆಟ ಮುಗಿದ ಮೇಲೆ ಎಲ್ಲರ ಊಟವೂ ಒಂದೇ ಪಾತ್ರೆಯಿಂದ. ಕಣ್ಣುಳ್ಳವನು ಕಣ್ಣಿಲ್ಲದವನ ಕೈಹಿಡಿದು ನಡೆಸುವನು; ಕಣ್ಣಿಲ್ಲದವನು ಕಣ್ಣುಳ್ಳವನ ಸ್ವರವನ್ನು ತಿದ್ದುವನು. ಇಲ್ಲಿ ಉಪಕಾರವು ಒಬ್ಬನದೇ ಸೊತ್ತಲ್ಲ. ಅದರಿಂದಲೇ ಕೊಟ್ಟವನಿಗೆ ಗರ್ವವಿಲ್ಲ, ಪಡೆದವನಿಗೆ ದೈನ್ಯವಿಲ್ಲ.

ಇನ್ನು ತುಮಕೂರು ಸೀಮೆಯ ಸಿದ್ಧಗಂಗೆಯ ವಿಷಯ. ಅಲ್ಲಿ 1917ರಲ್ಲಿ ಶ್ರೀ ಉದ್ದಾನ ಶಿವಯೋಗಿಗಳು ಸಂಸ್ಕೃತ ಪಾಠಶಾಲೆಯನ್ನು ಪ್ರಾರಂಭಿಸಿದರು. 1930ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ 1941ರಲ್ಲಿ ಮಠದ ಅಧಿಕಾರವನ್ನು ವಹಿಸಿದ ಶ್ರೀ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿಗೆ ಹೋಗಿ ಭಿಕ್ಷೆಯೆತ್ತಿ ತಂದ ಧಾನ್ಯದಿಂದ ವಿದ್ಯಾರ್ಥಿಗಳನ್ನು ಪೋಷಿಸಿದರು. ಆ ಕಾಲದಲ್ಲಿ ನಾಡಿನ ವಿದ್ಯಾರ್ಥಿನಿಲಯಗಳು ಬಹುಮಟ್ಟಿಗೆ ಆಯಾ ಜನಾಂಗದವರಿಗಾಗಿ ಏರ್ಪಟ್ಟಿದ್ದುವು. ಸಿದ್ಧಗಂಗೆಯ ಬಾಗಿಲಾದರೋ ಜಾತಿಮತಗಳನ್ನು ಕೇಳದೆ ಬಡಮಕ್ಕಳೆಲ್ಲರಿಗೂ ತೆರೆಯಿತು. ಸಹಸ್ರಾರು ಬಾಲಕರು ಬಯಲಿನಲ್ಲಿ ಸಾಲಾಗಿ ಕುಳಿತು ಏಕಕಂಠದಿಂದ ಪ್ರಾರ್ಥಿಸುವುದನ್ನು ನೋಡಿದವರು ಅದನ್ನು ಮರೆಯಲಾರರು. ಆ ಸಾಲಿನಲ್ಲಿ ಪಕ್ಕದವನ ಕುಲವನ್ನು ಕೇಳುವುದಕ್ಕೆ ಎಡೆಯೆಲ್ಲಿ?

ಆದರೆ ಒಂದು ಎಚ್ಚರಿಕೆಯ ಮಾತನ್ನು ಹೇಳದಿರಲಾಗದು. ಆಟ, ಪಾಟ, ನಾಟಕಗಳು ಇದ್ದ ಮಾತ್ರಕ್ಕೆ ದಯೆಯು ಹುಟ್ಟುವುದಿಲ್ಲ. ಪದಕಕ್ಕಾಗಿಯೇ ಆಡಿದ ಆಟವು ಮತ್ಸರವನ್ನು ಬೆಳೆಯಿಸುವುದು. ಪ್ರಶಂಸೆಗಾಗಿಯೇ ಹಾಡಿದ ಹಾಡು ಅಹಂಕಾರವನ್ನು ಬೆಳೆಯಿಸುವುದು. ಭೇದವಿಟ್ಟು ಬಡಿಸಿದ ಪಂಕ್ತಿಯು ತಿರಸ್ಕಾರವನ್ನೇ ಉಣಿಸುವುದು. ಮೇಲೆ ಹೇಳಿದ ಮೂರು ಸ್ಥಾನಗಳಲ್ಲಿಯೂ ಕಾರ್ಯವು ಪ್ರದರ್ಶನಕ್ಕಾಗಿ ನಡೆಯಲಿಲ್ಲ, ಇನ್ನೊಬ್ಬರ ಅಗತ್ಯಕ್ಕಾಗಿ ನಡೆಯಿತು. ಗೋವಿಗೆ ಮೇವು ಬೇಕಾಗಿತ್ತು. ಅಂಧ ಬಾಲಕನಿಗೆ ಅನ್ನ ಬೇಕಾಗಿತ್ತು. ಬಡವನ ಮಗನಿಗೆ ಆಶ್ರಯ ಬೇಕಾಗಿತ್ತು. ಬೇಕಾದುದನ್ನು ಎಲ್ಲರೂ ಕೂಡಿ ಒದಗಿಸಿದಾಗ ಅದು ಕಾಯಕವೂ ಆಯಿತು, ದಾಸೋಹವೂ ಆಯಿತು. ಕೂಡಿದವರು ಒಂದು ಕುಟುಂಬವೂ ಆದರು.

2019ರ ಜನವರಿ 21ರಂದು ಶಿವಕುಮಾರ ಸ್ವಾಮಿಗಳು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಠದ ಮಕ್ಕಳ ಮಧ್ಯಾಹ್ನದ ಪ್ರಸಾದವು ಮುಗಿದ ನಂತರವೇ ಆ ವಾರ್ತೆಯನ್ನು ಪ್ರಕಟಿಸಲಾಯಿತು. ಗುರುವಿನ ಅಗಲಿಕೆಯ ದುಃಖಕ್ಕಿಂತಲೂ ಮಕ್ಕಳ ಹಸಿವು ಮೊದಲೆಂಬುದನ್ನು ಆ ದಿನ ಯಾರೂ ಉಪನ್ಯಾಸಮಾಡಿ ತಿಳಿಸಬೇಕಾಗಿರಲಿಲ್ಲ. ಮಠದ ನಡೆಯೇ ತಿಳಿಸಿತು.

ಇಂದಿನ ತಂದೆತಾಯಿಗಳು ಮಕ್ಕಳ ಅಂಕಗಳನ್ನು ಮಾತ್ರ ವಿಚಾರಿಸುತ್ತಿರುವರು. ಅದು ತಪ್ಪೆಂದು ಹೇಳೆವು. ಆದರೆ ಮಗನು ಇಂದು ಯಾರ ಜೊತೆಯಲ್ಲಿ ಉಂಡನು, ಯಾರ ಕೈಹಿಡಿದು ನಡೆಸಿದನು ಎಂಬುದನ್ನೂ ವಿಚಾರಿಸುವುದು ಯುಕ್ತವು. ನಮ್ಮ ಶ್ರೀಮಠದ ಪಾಠಶಾಲೆಯಲ್ಲಿ ಓದುವ ಬಾಲಕರು ವಿದ್ಯೆಯೊಡನೆ ಈ ನಡೆಯನ್ನೂ ಕಲಿತು ಬಾಳಲೆಂದು ಶ್ರೀಗುರುಚರಣಗಳಲ್ಲಿ ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.