ನ್ಯಾನೊ ತಾಮ್ರದಲ್ಲಿ ಹರಳು ಬೆಳೆಯುವ ಬಗೆ: ಗಾತ್ರವೊಂದನ್ನೇ ನೋಡಿದರೆ ಸಾಲದು

ಕಂಪ್ಯೂಟರ್ ಚಿಪ್‌ನ ಒಳತಂತಿಗಳಿಗಾಗಿ ವಿದ್ಯುಲ್ಲೇಪನದಿಂದ ಕೂರಿಸಿದ ತಾಮ್ರದ ಪದರವನ್ನು ಕಾಯಿಸದೆ ಹಾಗೆಯೇ ಬಿಟ್ಟರೂ, ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಅದರ ವಿದ್ಯುತ್ ರೋಧ ಸುಮಾರು ಐದರಲ್ಲೊಂದು ಪಾಲು ಇಳಿಯುತ್ತದೆ. ಲೇಪನವಾದಾಗ ನೂರು ನ್ಯಾನೊಮೀಟರಿಗಿಂತ ಚಿಕ್ಕದಾಗಿದ್ದ ಹರಳುಗಳು ಅಷ್ಟರಲ್ಲಿ ಮೈಕ್ರೊಮೀಟರ್ ಅಳತೆಗೆ ಬೆಳೆದಿರುತ್ತವೆ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೋಣೆಯ ಉಷ್ಣತೆಯಲ್ಲಿ ಇಷ್ಟು ಚಲನೆ ನಡೆಯುವುದು ಸಣ್ಣ ಮಾತಲ್ಲ. ಆದರೆ ಇನ್ನೊಂದು ವಿಧಾನದಲ್ಲಿ ತಯಾರಾದ, ಇದಕ್ಕಿಂತಲೂ ನಯವಾದ ಹರಳುಗಳ ತಾಮ್ರ ನೂರಾರು ಡಿಗ್ರಿ ಕಾಯಿಸಿದರೂ ಕದಲದೆ ನಿಲ್ಲುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ಈ ಟಿಪ್ಪಣಿಯ ವಿಷಯ.

ಮೊದಲು ಬೆಳವಣಿಗೆಯ ಪ್ರೇರಣೆಯನ್ನು ನೋಡೋಣ. ಎರಡು ಹರಳುಗಳು ಸಂಧಿಸುವ ಎಲ್ಲೆಯಲ್ಲಿ ಪರಮಾಣುಗಳ ಸಾಲು ತಪ್ಪಿರುವುದರಿಂದ ಅಲ್ಲಿ ಹೆಚ್ಚುವರಿ ಶಕ್ತಿ ನೆಲೆಸಿರುತ್ತದೆ. ತಾಮ್ರದ ಸಾಧಾರಣ ಎಲ್ಲೆಯಲ್ಲಿ ಇದು ಚದರ ಮೀಟರಿಗೆ ಸುಮಾರು 0.6 ಜೂಲ್. ಒಟ್ಟು ಎಲ್ಲೆಯ ವಿಸ್ತೀರ್ಣ ಕಡಿಮೆಯಾದಷ್ಟೂ ಶಕ್ತಿ ಉಳಿಯುತ್ತದೆ. ಆದ್ದರಿಂದ ಬಾಗಿದ ಎಲ್ಲೆ ತನ್ನ ಬಾಗಿನ ಕೇಂದ್ರದತ್ತ ಸರಿಯುತ್ತದೆ, ಚಿಕ್ಕ ಹರಳು ಅಳಿದು ನೆರೆಯ ದೊಡ್ಡ ಹರಳಿಗೆ ಸೇರುತ್ತದೆ. ಸಾಬೂನಿನ ನೊರೆಯಲ್ಲಿ ಗುಳ್ಳೆಗಳ ನಡವಳಿಕೆಯೂ ಹೀಗೆಯೇ. ಸಮತಲದಲ್ಲಿ ಹರಡಿದ ನೊರೆಯಲ್ಲಿ ಆರಕ್ಕಿಂತ ಕಡಿಮೆ ಬದಿಗಳುಳ್ಳ ಗುಳ್ಳೆ ಕುಗ್ಗುತ್ತದೆ, ಹೆಚ್ಚು ಬದಿಗಳುಳ್ಳದ್ದು ಹಿಗ್ಗುತ್ತದೆ ಎಂದು ಜಾನ್ ಫಾನ್ ನಾಯ್ಮನ್ 1952ರಲ್ಲಿ ತೋರಿಸಿದರು. 1956ರಲ್ಲಿ ಮಲಿನ್ಸ್ ಅದನ್ನು ಲೋಹದ ಎಲ್ಲೆಗಳಿಗೆ ಅನ್ವಯಿಸಿದರು. ಮೂರು ಆಯಾಮಗಳಿಗೆ ನಿಖರ ಸೂತ್ರ ದೊರೆಯಲು 2007ರವರೆಗೆ, ಮ್ಯಾಕ್‌ಫರ್ಸನ್ ಮತ್ತು ಸ್ರೊಲೊವಿಟ್ಸ್ ಅವರ ಲೇಖನದವರೆಗೆ, ಕಾಯಬೇಕಾಯಿತು.

ಈ ಲೆಕ್ಕವನ್ನು ನ್ಯಾನೊ ಗಾತ್ರಕ್ಕೆ ಹಾಕಿದರೆ ಬರುವ ಅಂಕಿ ಬೆರಗು ಹುಟ್ಟಿಸುತ್ತದೆ. ಎಲ್ಲೆಯನ್ನು ನೂಕುವ ಒತ್ತಡ, ಎಲ್ಲೆಶಕ್ತಿಯ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದಷ್ಟು. 20 ಮೈಕ್ರೊಮೀಟರ್ ವ್ಯಾಸದ ಹರಳಿಗೆ ಅದು 0.12 ಮೆಗಾಪಾಸ್ಕಲ್, ಹೆಚ್ಚು ಕಡಿಮೆ ವಾತಾವರಣದ ಒತ್ತಡ. 20 ನ್ಯಾನೊಮೀಟರ್ ಹರಳಿಗೆ ಅದೇ 120 ಮೆಗಾಪಾಸ್ಕಲ್, ಅಂದರೆ ಸಾವಿರ ಪಟ್ಟು. ಹರಳು ಚಿಕ್ಕದಾದಷ್ಟೂ ಲೋಹ ಅಸ್ಥಿರ ಎಂಬ ರೂಢಿಯ ನಂಬಿಕೆಗೆ ಆಧಾರ ಇದೇ. ಆದರೆ ವೇಗವೆಂಬುದು ಒತ್ತಡ ಮತ್ತು ಎಲ್ಲೆಯ ಚಲನಶೀಲತೆ ಇವೆರಡರ ಗುಣಲಬ್ಧ. ರೂಢಿಯ ವಾದ ಮೊದಲನೆಯದನ್ನು ಹಿಡಿದು ಎರಡನೆಯದನ್ನು ಕೈಬಿಟ್ಟಿದೆ. ಎಲ್ಲೆಶಕ್ತಿ ಸ್ಥಿರಾಂಕವೆಂದೂ ಭಾವಿಸಿಬಿಟ್ಟಿದೆ.

ಹರಳಿನ ವ್ಯಾಸದ ವರ್ಗ ಕಾಲದೊಂದಿಗೆ ಸಮಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬುದು ಬರ್ಕ್ ಮತ್ತು ಟರ್ನ್‌ಬುಲ್ 1952ರಲ್ಲಿ ಕೊಟ್ಟ ನಿಯಮ. 2001ರಲ್ಲಿ ಕ್ರಿಲ್ ಮತ್ತು ಸಂಗಡಿಗರು ನ್ಯಾನೊ ಕಬ್ಬಿಣದಲ್ಲಿ ಅಳೆದಾಗ ಮೊದಲ ಹಂತದಲ್ಲಿ ವ್ಯಾಸವೇ ಕಾಲದೊಂದಿಗೆ ನೇರವಾಗಿ ಏರಿತು. ಸುಮಾರು 150 ನ್ಯಾನೊಮೀಟರ್ ದಾಟಿದ ಮೇಲಷ್ಟೇ ಹಳೆಯ ನಿಯಮ ಹಿಡಿಯಿತು. ಎಲ್ಲೆಯಲ್ಲಿ ಪರಮಾಣುಗಳು ಸಡಿಲವಾಗಿ ಕೂತಿರುತ್ತವೆ. ಎಲ್ಲೆ ಅಳಿದಾಗ ಆ ಹೆಚ್ಚುವರಿ ಜಾಗ ಖಾಲಿ ಸ್ಥಾನಗಳಾಗಿ ಲೋಹದೊಳಗೆ ಹರಡಬೇಕು. ಅವು ಹೊರಹೋಗುವ ನಿಧಾನವೇ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಅವರ ವಿವರಣೆ. ನನಗೆ ಇದು ಒಪ್ಪುವಂತಿದೆ.

ಚೀನಾದ ಷೆನ್ಯಾಂಗ್‌ನಲ್ಲಿ ಕೆ. ಲು ಅವರ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಮುಂದೆ ಹೋಯಿತು. ಅವರು ದ್ರವ ಸಾರಜನಕದ ತಂಪಿನಲ್ಲಿ ತಾಮ್ರದ ಮೇಲ್ಮೈಯನ್ನು ಉಜ್ಜಿ, ಮೇಲೆ ಅತಿ ನಯವಾದ, ಆಳಕ್ಕಿಳಿದಂತೆ ದೊಡ್ಡದಾಗುವ ಹರಳುಗಳ ಪದರ ಪಡೆದರು. ಒಂದೇ ತುಂಡಿನಲ್ಲಿ ಎಲ್ಲ ಗಾತ್ರಗಳೂ ಸಿಗುವಂತೆ ಮಾಡಿದ್ದು ಈ ಪ್ರಯೋಗದ ಜಾಣ್ಮೆ. ಕಾಯಿಸಿದಾಗ ಒಳಗಿನ ದೊಡ್ಡ ಹರಳುಗಳು ಮೊದಲು ಬೆಳೆದವು. ಮೇಲಿನ ಅತಿ ಚಿಕ್ಕವು ಹಾಗೆಯೇ ಉಳಿದವು. ತಾಮ್ರದಲ್ಲಿ ಈ ತಿರುವು ಸುಮಾರು 70 ನ್ಯಾನೊಮೀಟರಿನಲ್ಲಿ. ಅದಕ್ಕಿಂತ ಚಿಕ್ಕ ಹರಳುಗಳು ವಿರೂಪಗೊಳ್ಳುವಾಗ ಎಲ್ಲೆಗಳಿಂದ ಅರೆ ಸ್ಥಾನಪಲ್ಲಟಗಳು ಹೊಮ್ಮಿ, ಎಲ್ಲೆಯೇ ಸಡಿಲಗೊಂಡು ಕಡಿಮೆ ಶಕ್ತಿಯ ಸ್ಥಿತಿಗೆ ಇಳಿಯುತ್ತದೆ. ಅವಳಿ ಹರಳುಗಳೂ ಮೂಡುತ್ತವೆ. ಎರಡು ಹರಳುಗಳ ಕೆಲವು ಪರಮಾಣು ಸ್ಥಾನಗಳು ಒಂದಕ್ಕೊಂದು ಹೊಂದಿಕೊಳ್ಳುವ, ಅವಳಿ ಎಲ್ಲೆಯಂಥ ಜೋಡಣೆಗಳ ರೇಖಾಗಣಿತವನ್ನು 1966ರ ಲೇಖನವೊಂದರಲ್ಲಿ ವಿವರಿಸಿದವರು ಎಸ್. ರಂಗನಾಥನ್, ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು.

ಬೆರಕೆಯಿಂದಲೂ ಎಲ್ಲೆಶಕ್ತಿ ತಗ್ಗುತ್ತದೆ. ಷೂ ಮತ್ತು ಸಹೋದ್ಯೋಗಿಗಳ 2012ರ ಟಂಗ್‌ಸ್ಟನ್–ಟೈಟಾನಿಯಂ ಮಿಶ್ರಲೋಹ 1100 ಡಿಗ್ರಿಯಲ್ಲಿ ಒಂದು ವಾರ ಕಳೆದರೂ ನ್ಯಾನೊ ಹರಳುಗಳನ್ನು ಉಳಿಸಿಕೊಂಡಿತು.

ಬಿಸಿಯೇ ಬೇಕೆಂದೂ ಇಲ್ಲ. ನ್ಯಾನೊ ತಾಮ್ರದ ಮೇಲೆ ಮೊನೆಯೊತ್ತಿ ನೋಡಿದ ಜೂಲಿಯಾ ವೀರ್ಟ್‌ಮನ್ ಮತ್ತು ಸಂಗಡಿಗರು, ಒತ್ತಿದ ಜಾಗದಲ್ಲಿ ಹರಳುಗಳು ಬೆಳೆದದ್ದನ್ನೂ, ಅತಿಶೀತದಲ್ಲಿ ಅದು ಕೋಣೆಯ ಉಷ್ಣತೆಗಿಂತ ಬೇಗ ನಡೆದದ್ದನ್ನೂ 2005ರಲ್ಲಿ ವರದಿ ಮಾಡಿದರು. ಪರಮಾಣುಗಳ ವಿಸರಣದಿಂದಷ್ಟೇ ಇದನ್ನು ವಿವರಿಸಲಾಗದು. ಇಲ್ಲಿ ಯಾಂತ್ರಿಕ ಒತ್ತಡವೇ ಎಲ್ಲೆಯನ್ನು ಎಳೆದಿದೆ.

ಆದ್ದರಿಂದ ನ್ಯಾನೊ ಲೋಹದ ಸ್ಥಿರತೆಯನ್ನು ಸರಾಸರಿ ಹರಳುಗಾತ್ರದಿಂದ ಮಾತ್ರ ಅಳೆಯುವ ಪದ್ಧತಿ ಸರಿಯಲ್ಲ. ಲೋಹ ಹೇಗೆ ತಯಾರಾಯಿತು, ಎಷ್ಟು ಕಲ್ಮಶ ಸೇರಿದೆ, ಎಷ್ಟು ದಿನ ಇಟ್ಟ ಮೇಲೆ ಅಳೆಯಲಾಯಿತು, ಎಷ್ಟು ಒತ್ತಡ ಉಂಡಿದೆ ಎಂಬ ವಿವರಗಳನ್ನೂ ಗಾತ್ರದ ಹಂಚಿಕೆಯೊಡನೆ ದಾಖಲಿಸಬೇಕೆಂದು ಈ ಕ್ಷೇತ್ರದ ಯುವ ಸಂಶೋಧಕರಲ್ಲಿ ನನ್ನ ವಿನಂತಿ.